ಬಳೆಯ ಗುಟ್ಟು ಹೇಳುವ ನೀರು

ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಬಳೆಯೊಂದು ನಿಮಗೆ ಸಿಕ್ಕಿತೆನ್ನಿ. ಕೈಗೆತ್ತಿಕೊಂಡು, "ಭಾರವಿದೆ, ಚಿನ್ನವೇ ಇರಬೇಕು" ಎನ್ನುತ್ತೀರಿ. ಆದರೆ ದಪ್ಪನೆಯ ಹಿತ್ತಾಳೆ ಬಳೆ ತೆಳ್ಳನೆಯ ಚಿನ್ನದ ಬಳೆಗಿಂತ ಹೆಚ್ಚು ತೂಗಬಹುದು. ಬರೀ ತೂಕದಿಂದ ಲೋಹ ಯಾವುದೆಂದು ತಿಳಿಯದು.

ತೂಕದ ಜೊತೆ ಗಾತ್ರವನ್ನೂ ನೋಡಬೇಕು. ಒಂದು ಘನ ಸೆಂಟಿಮೀಟರ್ ಶುದ್ಧ ಚಿನ್ನ 19.3 ಗ್ರಾಂ ಇರುತ್ತದೆ. ಇದು ಚಿನ್ನದ ಸಾಂದ್ರತೆ. ಘನ ಮೀಟರಿನ ಲೆಕ್ಕದಲ್ಲಿ ಹೇಳಿದರೆ ಇದೇ 19,300 ಕಿಲೋಗ್ರಾಂ ಆಗುತ್ತದೆ. ಅಳತೆಯ ಮಾನ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಸಾಪೇಕ್ಷ ಸಾಂದ್ರತೆ ಹಾಗಲ್ಲ. ಒಂದು ವಸ್ತುವಿನ ಸಾಂದ್ರತೆ ನೀರಿನ ಸಾಂದ್ರತೆಗಿಂತ ಎಷ್ಟು ಪಟ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಆದ್ದರಿಂದ ಅದಕ್ಕೆ ಗ್ರಾಂ, ಮೀಟರ್ ಎಂಬ ಯಾವ ಮಾನವೂ ಇಲ್ಲ. ಚಿನ್ನಕ್ಕೆ 19.3, ಬೆಳ್ಳಿಗೆ 10.5, ತಾಮ್ರಕ್ಕೆ ಸುಮಾರು 8.9. ಇದನ್ನೇ ವಿಶಿಷ್ಟ ಗುರುತ್ವ ಎಂದೂ ಕರೆಯುತ್ತಾರೆ.

ಮಂದವಾಗಿರುವುದೆಲ್ಲ ಹೆಚ್ಚು ಸಾಂದ್ರ ಎಂದೂ ತಿಳಿಯಬೇಡಿ. ತೆಂಗಿನೆಣ್ಣೆ ನೀರಿಗಿಂತ ಮಂದ. ಆದರೂ ನೀರಿನ ಮೇಲೆ ತೇಲುತ್ತದೆ. ಅದರ ಸಾಪೇಕ್ಷ ಸಾಂದ್ರತೆ ಸುಮಾರು 0.92 ಮಾತ್ರ. ನಿಧಾನವಾಗಿ ಹರಿಯುವ ಗುಣಕ್ಕೆ ಸ್ನಿಗ್ಧತೆ ಎಂಬ ಬೇರೆಯೇ ಹೆಸರಿದೆ.

ಈಗ ಬಳೆಯನ್ನು ಪರೀಕ್ಷಿಸೋಣ. ಚಿನ್ನ ತೂಗುವಂತಹ ಸೂಕ್ಷ್ಮ ತಕ್ಕಡಿ ಬೇಕು. ಮೊದಲು ಬಳೆಯನ್ನು ತೂಗಿ. 20 ಗ್ರಾಂ ಇದೆ ಎನ್ನೋಣ. ನಂತರ ನೀರಿನ ಲೋಟವನ್ನು ತಕ್ಕಡಿಯಲ್ಲಿಟ್ಟು ಸೊನ್ನೆಗೆ ತನ್ನಿ. ಬಳೆಯನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 1.13 ಗ್ರಾಂ ತೋರಿಸಿದರೆ, ಅದು ಬಳೆಯಷ್ಟೇ ಗಾತ್ರದ ನೀರಿನ ತೂಕ. 20ನ್ನು 1.13ರಿಂದ ಭಾಗಿಸಿದರೆ ಸುಮಾರು 17.7. ಇದು 22 ಕ್ಯಾರೆಟ್ ಚಿನ್ನಕ್ಕೆ ಹೊಂದುತ್ತದೆ. 8.5ರ ಆಸುಪಾಸು ಬಂದರೆ ಹಿತ್ತಾಳೆಯ ಸಂಶಯ ಪಡಬೇಕು.

ಸಾವಿರ ವರ್ಷಗಳ ಹಿಂದೆ ವಿದ್ವಾಂಸ ಅಲ್‌ಬಿರೂನಿ (973–1048) ಇದೇ ತತ್ವವನ್ನು ಬಳಸಿದ್ದರು. ಕೊಳವೆಯಿರುವ ಪಾತ್ರೆಯಲ್ಲಿ ಲೋಹ, ರತ್ನಗಳನ್ನು ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅವರು ತೂಗಿದ್ದರು.

ಆದರೆ ಒಂದು ಎಚ್ಚರಿಕೆ. ಕಲ್ಲು ಕೂರಿಸಿದ, ಒಳಗೆ ಅರಗು ತುಂಬಿದ ಅಥವಾ ಟೊಳ್ಳಾದ ಒಡವೆಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಟಂಗ್‌ಸ್ಟನ್ ಲೋಹದ ಸಾಪೇಕ್ಷ ಸಾಂದ್ರತೆಯಂತೂ ಹೆಚ್ಚು ಕಡಿಮೆ ಚಿನ್ನದಷ್ಟೇ. ಆದ್ದರಿಂದ 'ಇದು ಚಿನ್ನವಲ್ಲ' ಎಂಬ ಸುಳಿವನ್ನು ನೀರು ಕೊಡಬಲ್ಲದು. 'ಇದು ಚಿನ್ನವೇ' ಎಂಬ ಖಾತರಿ ಕೊಡಲಾರದು. ಬಳೆಯನ್ನು ಮಾರುವ ಮುನ್ನ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸುವುದೇ ಕ್ಷೇಮ.