ಹಲ್ಲು ಕೀಳಿಸುವ ಮುನ್ನ ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಹಲ್ಲುನೋವು ಕಾಣದ ಮನೆಯಿಲ್ಲ. ಹುಳುಕು ಹಲ್ಲಿಗೆ ಲವಂಗದ ಎಣ್ಣೆ ಹಚ್ಚಿ, ಹೊಗೆಸೊಪ್ಪು ಒತ್ತಿಟ್ಟು, ಅಂಗಡಿಯಲ್ಲಿ ಕೊಂಡ ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಾಲ ತಳ್ಳುವವರು ಅನೇಕರು. ಕೆನ್ನೆ ಊದಿಕೊಂಡ ಮೇಲೆಯೇ ಅವರು ಆಸ್ಪತ್ರೆಗೆ ಬರುತ್ತಾರೆ. ಈ ವಿಳಂಬಕ್ಕೆ ಸೂಜಿಮದ್ದಿನ ಭಯವೇ ಬಹುಪಾಲು ಕಾರಣ. ಮರಗಟ್ಟಿಸುವ ಮದ್ದಿನಿಂದ ಹೃದಯ ನಿಲ್ಲುವುದೆಂದೂ, ಬಸುರಿಗೆ ಕೊಟ್ಟರೆ ಗರ್ಭ ಇಳಿಯುವುದೆಂದೂ, ಹಲ್ಲು ಕಿತ್ತರೆ ಕಣ್ಣು ಮಂಜಾಗುವುದೆಂದೂ ಜನ ನಂಬಿದ್ದಾರೆ. ಇವುಗಳಲ್ಲಿ ನಿಜವೆಷ್ಟು, ಅಪಾಯವು ವಾಸ್ತವವಾಗಿ ಎಲ್ಲಿದೆ ಎಂಬುದನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಅರಿವಳಿಕೆ ಎಂದರೇನು?

ಅರಿವಳಿಕೆಯ ಚರಿತ್ರೆಗೂ ಹಲ್ಲಿಗೂ ಹಳೆಯ ನಂಟಿದೆ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಎಂಬುವರು ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ಇಂದು ಹಲ್ಲು ಕೀಳುವಾಗ ಹೆಚ್ಚಾಗಿ ಬಳಸುವ ಲಿಗ್ನೋಕೇನ್ ಎಂಬ ಮದ್ದನ್ನು 1943ರಲ್ಲಿ ಸ್ವೀಡನ್ ದೇಶದಲ್ಲಿ ತಯಾರಿಸಲಾಯಿತು.

ಹಲ್ಲಿನ ನೋವು ನರದ ಮೂಲಕ ಮಿದುಳಿಗೆ ಮುಟ್ಟುತ್ತದೆ. ನರದೊಳಕ್ಕೆ ಸೋಡಿಯಂ ಕಣಗಳು ನುಗ್ಗಿದಾಗಲೇ ಈ ಸುದ್ದಿ ಮುಂದೆ ಸಾಗುವುದು. ಲಿಗ್ನೋಕೇನ್ ಆ ಬಾಗಿಲನ್ನು ಸ್ವಲ್ಪ ಕಾಲ ಮುಚ್ಚುತ್ತದೆ. ರೋಗಿಗೆ ಎಚ್ಚರವಿರುತ್ತದೆ, ನೋವು ಮಾತ್ರ ತಿಳಿಯುವುದಿಲ್ಲ. ಮದ್ದು ಬೇಗನೆ ರಕ್ತಕ್ಕೆ ಸೇರಿಹೋಗದಂತೆ ಇದರೊಡನೆ ಅತ್ಯಲ್ಪ ಅಡ್ರಿನಲಿನ್ ಬೆರೆಸುವುದೂ ಉಂಟು.

ಕೀವು ತುಂಬಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚುವುದರಿಂದ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ತಡವಾಗಿ ಬಂದವರು ಹೆಚ್ಚು ನೋವು ತಿನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಮಾಣದ ಲೆಕ್ಕ

ಅಡ್ರಿನಲಿನ್ ಬೆರೆಸದ ಲಿಗ್ನೋಕೇನನ್ನು ದೇಹತೂಕದ ಒಂದು ಕಿಲೋಗ್ರಾಮಿಗೆ 4.4 ಮಿಲಿಗ್ರಾಂ ಮೀರಿ ಕೊಡಬಾರದೆಂದು ನಿಯಮವಿದೆ. ಅಂದರೆ 50 ಕಿಲೋ ತೂಕದವರಿಗೆ 220 ಮಿಲಿಗ್ರಾಂ ಮಿತಿ. ಶೇಕಡ 2ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಮದ್ದಿರುತ್ತದೆ. ಒಂದು ಹಲ್ಲಿಗೆ ಸಾಮಾನ್ಯವಾಗಿ 2ರಿಂದ 3 ಮಿಲಿಲೀಟರ್ ಸಾಕಾಗುವುದರಿಂದ ಮಿತಿಯು ಬಹಳ ದೂರದಲ್ಲಿಯೇ ಉಳಿಯುತ್ತದೆ. ಆದರೆ ಚಿಕ್ಕ ಮಕ್ಕಳ ತೂಕ ಕಡಿಮೆ. ಅವರಲ್ಲಿ ಮಿತಿ ಬೇಗ ಮುಟ್ಟುತ್ತದೆ. ಸಂತೆ ಜಾತ್ರೆಗಳಲ್ಲಿ ಹಲ್ಲು ಕೀಳುವವರು ತೂಕವನ್ನು ನೋಡುವುದಿಲ್ಲ, ಸೂಜಿಯನ್ನು ಶುದ್ಧಿ ಮಾಡುವುದಿಲ್ಲ. ಅವರ ಬಳಿಗೆ ಹೋಗಲೇಬೇಡಿ.

ಕಣ್ಣಿನ ಮಾತಿಗೆ ಬಂದರೆ, ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ಕಿತ್ತುದರಿಂದ ಕಣ್ಣು ಮಂಜಾಗುವುದಿಲ್ಲ.

ದೇಹಸ್ಥಿತಿಯೇ ಮುಖ್ಯ

ಒಂದೇ ಮದ್ದು ಒಂದೊಂದು ದೇಹದಲ್ಲಿ ಒಂದೊಂದು ಬಗೆಯಾಗಿ ವರ್ತಿಸಬಹುದು. ಆದುದರಿಂದಲೇ ವೈದ್ಯರು ಮೊದಲು ಪ್ರಶ್ನೆಗಳನ್ನು ಕೇಳುವುದು.

ರಕ್ತದೊತ್ತಡ: ಒತ್ತಡವು 180/110ಕ್ಕಿಂತ ಹೆಚ್ಚಿದ್ದರೆ, ತುರ್ತು ಇಲ್ಲದಿದ್ದಲ್ಲಿ, ಹಲ್ಲು ಕೀಳುವುದನ್ನು ಮುಂದಕ್ಕೆ ಹಾಕುತ್ತಾರೆ. ದಿನದ ಮಾತ್ರೆಯನ್ನು ತಪ್ಪಿಸದೆ ನುಂಗಿ ಬನ್ನಿ.

ಹೃದ್ರೋಗ: ನೋವು, ಭಯಗಳಾದಾಗ ದೇಹವೇ ಅಡ್ರಿನಲಿನ್ ಸುರಿಸಿ ಹೃದಯಕ್ಕೆ ಶ್ರಮ ಕೊಡುತ್ತದೆ. ಆದ್ದರಿಂದ ಹೃದ್ರೋಗಿಗೆ ಚೆನ್ನಾಗಿ ಮರಗಟ್ಟಿಸಿಯೇ ಹಲ್ಲು ಕೀಳಬೇಕು. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕೃತಕ ಕವಾಟ ಹಾಕಿಸಿಕೊಂಡಿದ್ದರೆ ಮುಂಚಿತವಾಗಿ ತಿಳಿಸಿ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು.

ಸಕ್ಕರೆ ಕಾಯಿಲೆ: ಬರಿ ಮದ್ದು ತೆಗೆದುಕೊಂಡು ಹಸಿದ ಹೊಟ್ಟೆಯಲ್ಲಿ ಬರುವುದು ಅಪಾಯ. ಬೆಳಗಿನ ಆಹಾರ ಸೇವಿಸಿ, ಮದ್ದು ತೆಗೆದುಕೊಂಡು ಬೆಳಗಿನ ಹೊತ್ತಿನಲ್ಲಿಯೇ ಬನ್ನಿ. ಬೆವರು, ನಡುಕ ಕಂಡರೆ ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕು.

ಮದ್ಯಪಾನ: ಧೈರ್ಯಕ್ಕೆಂದು ಕುಡಿದು ಬರುವ ಪುರುಷರಿದ್ದಾರೆ. ಲಿಗ್ನೋಕೇನನ್ನು ಕರಗಿಸುವುದು ಪಿತ್ತಜನಕಾಂಗ. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದೂ ಅದೇ. ಕುಡಿತದಿಂದ ಅದು ಕೆಟ್ಟಿದ್ದರೆ ಮದ್ದು ದೇಹದಲ್ಲಿ ಉಳಿಯುತ್ತದೆ, ರಕ್ತ ನಿಲ್ಲುವುದಿಲ್ಲ. ಕುಡಿಯುವ ಅಭ್ಯಾಸವನ್ನು ವೈದ್ಯರಿಂದ ಮರೆಮಾಚಬೇಡಿ.

ಗರ್ಭಿಣಿ ಸ್ತ್ರೀಯರಿಗೆ

ಮುಟ್ಟು ನಿಂತಿದ್ದರೆ, ಎಷ್ಟೇ ಸಂಕೋಚವಿದ್ದರೂ, ವೈದ್ಯರಿಗೆ ತಿಳಿಸಲೇಬೇಕು. ತಾಯಿ ಕಾರ್ಡು ಜೊತೆಯಲ್ಲಿರಲಿ. ಹಲ್ಲಿನ ಚಿಕಿತ್ಸೆಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲವಾದ ಕಾಲ. ಆದರೆ ಕೀವಾಗಿ ಜ್ವರ ಬಂದಿದ್ದರೆ ಯಾವ ತಿಂಗಳಲ್ಲಿಯೂ ಕಾಯತಕ್ಕದ್ದಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಲಿಗ್ನೋಕೇನ್ ಗರ್ಭಕ್ಕೆ ಹಾನಿಕರವಲ್ಲ. ಅಲಕ್ಷಿಸಿದ ಕೀವು ತಾಯಿಗೂ ಶಿಶುವಿಗೂ ಹಾನಿಕರ.

ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದರೆ ತುಂಬಿದ ಗರ್ಭಕೋಶವು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಆಗ ಒತ್ತಡ ಕುಸಿದು ಬವಳಿ ಬರುತ್ತದೆ. ಎಡಮಗ್ಗುಲಿಗೆ ವಾಲಿ ಮಲಗಿದರೆ ಇದು ಪರಿಹಾರವಾಗುತ್ತದೆ. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ಮಾತ್ರೆಗಳನ್ನು ಬಸುರಿಯು ತಾನಾಗಿ ನುಂಗಬಾರದು. ಮೊಲೆಯೂಡುವ ತಾಯಿಯು ಹಲ್ಲು ಕೀಳಿಸಿದ ದಿನವೂ ಮಗುವಿಗೆ ಹಾಲು ಕೊಡಬಹುದು.

ಬವಳಿ ಬಂದರೆ

ಸೂಜಿ ಕಂಡೊಡನೆ ಬೆವರಿ ಬೀಳುವುದೇ ಅತ್ಯಂತ ಸಾಮಾನ್ಯವಾದ ತೊಂದರೆ. ಇದು ಹೆಚ್ಚಾಗಿ ಮದ್ದಿನ ದೋಷವಲ್ಲ. ಭಯದಿಂದ ನಾಡಿ ನಿಧಾನವಾಗಿ, ಮಿದುಳಿಗೆ ರಕ್ತ ಕಡಿಮೆಯಾದುದರ ಫಲ. ಮಲಗಿಸಿ ಕಾಲುಗಳನ್ನು ಮೇಲೆತ್ತಿದರೆ ಚೇತರಿಸಿಕೊಳ್ಳುತ್ತಾರೆ. ಲಿಗ್ನೋಕೇನಿಗೆ ನಿಜವಾದ ಅಲರ್ಜಿ ಬಹು ವಿರಳ. ಆದರೂ ಹಿಂದೆ ಯಾವುದೇ ಸೂಜಿಮದ್ದಿನಿಂದ ಮೈ ದದ್ದೆದ್ದಿದ್ದರೆ, ಉಸಿರು ಕಟ್ಟಿದ್ದರೆ ಹೇಳುವುದನ್ನು ಮರೆಯಬೇಡಿ. ಉಬ್ಬಸವುಳ್ಳವರು ತಮ್ಮ ಸೇದುವ ಮದ್ದನ್ನು ತರಬೇಕು.

ಪೂರ್ಣ ಅರಿವಳಿಕೆ

ದವಡೆ ಮುರಿದಾಗ, ದೊಡ್ಡ ಗಡ್ಡೆ ತೆಗೆಯುವಾಗ ಪೂರ್ತಿ ಎಚ್ಚರ ತಪ್ಪಿಸಬೇಕಾಗುತ್ತದೆ. ಆಗ ಮಾತ್ರ ಉಪವಾಸ ಅಗತ್ಯ. ಹಗುರ ಆಹಾರವಾಗಿ ಕನಿಷ್ಠ 6 ಗಂಟೆ, ಬರಿ ನೀರು ಕುಡಿದು 2 ಗಂಟೆ ಕಳೆದಿರಬೇಕು. ಎಚ್ಚರವಿಲ್ಲದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. "ಒಂದು ಲೋಟ ಕಾಫಿ ತಾನೆ" ಎಂದು ಕರುಣೆಯಿಂದ ಕುಡಿಸಿ, ಕೇಳಿದಾಗ ಇಲ್ಲವೆನ್ನಬೇಡಿ.

ಮನೆಗೆ ಹೋದ ಮೇಲೆ

ತುಟಿ ನಾಲಗೆಗಳ ಮರಗಟ್ಟುವಿಕೆ 2ರಿಂದ 4 ಗಂಟೆ ಇರುತ್ತದೆ. ಅಲ್ಲಿಯವರೆಗೆ ಬಿಸಿ ಪದಾರ್ಥ ಬೇಡ. ಮಕ್ಕಳು ತುಟಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ. ಇಟ್ಟ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಆ ದಿನ ಬಾಯಿ ಮುಕ್ಕಳಿಸಬಾರದು, ಪದೇ ಪದೇ ಉಗುಳಬಾರದು. ಬೀಡಿ, ಹೊಗೆಸೊಪ್ಪು, ಎಲೆಯಡಿಕೆಗಳಿಂದ ದೂರವಿರಿ. ಗುಣಿಯಲ್ಲಿನ ಹೆಪ್ಪು ಕಿತ್ತುಹೋದರೆ ಎಲುಬು ಬರಿದಾಗಿ ತೀವ್ರ ನೋವು ಬರುತ್ತದೆ.

ರಕ್ತ ನಿಲ್ಲದಿದ್ದರೆ, ದವಡೆಯ ಕೆಳಗೆ ಊದಿ ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿ.

ಪತಿಯ ಕರ್ತವ್ಯ

ಮನೆಗೆಲಸ, ಹೊಲಗೆಲಸಗಳ ನಡುವೆ ಹೆಂಡತಿ ತನ್ನ ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಒಂದು ಕಡೆಯಲ್ಲೇ ಅಗಿದು ಉಣ್ಣುತ್ತಿದ್ದಾಳೆಯೇ ಎಂದು ಗಮನಿಸಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ನುಂಗುತ್ತಿರುವ ಮಾತ್ರೆಗಳ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಹೆಂಡತಿಯೂ ಗಂಡನ ಕುಡಿತ, ರಕ್ತದೊತ್ತಡಗಳ ಸಂಗತಿಯನ್ನು ವೈದ್ಯರ ಮುಂದೆ ಹೇಳಲು ಅಂಜಬೇಕಾಗಿಲ್ಲ. ವೈದ್ಯರು ಕೇಳುವ ಪ್ರಶ್ನೆ ನಿಮ್ಮನ್ನು ದೂಷಿಸಲಿಕ್ಕಲ್ಲ, ನಿಮ್ಮ ದೇಹಕ್ಕೆ ತಕ್ಕ ಮದ್ದು ಆರಿಸಲಿಕ್ಕೆ. ನಿಜ ಹೇಳಿ ಕುಳಿತವರಿಗೆ ಈ ಸೂಜಿಯ ಭಯ ಬೇಕಿಲ್ಲ.