ಕೆಮ್ಮೇ ಇಲ್ಲ, ಟಿಬಿ ಮಾತ್ರೆ ಯಾಕೆ?

ನಮ್ಮ ಚಾನೆಲ್‌ನಲ್ಲಿ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬ ವಿಜಯನಗರದಿಂದ ಬರುತ್ತಾನೆ. ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕಿದ, ಇಳಿಯಿತು. ಬಿಟ್ಟ ಕೂಡಲೇ ಮತ್ತೆ ಬಂತು, ಈ ಸಲ ದೃಷ್ಟಿಯೂ ಮಂಜು. ಅದು ಸ್ಟಿರಾಯ್ಡ್ ಡ್ರಾಪ್ಸ್ ಅನ್ನೋದು ಆಮೇಲೆ ಗೊತ್ತಾಯಿತು. ಕೊನೆಗೆ ಕಣ್ಣಿನ ತಜ್ಞರ ಹತ್ತಿರ ಹೋದವನು ನನಗೆ ಫೋನ್ ಮಾಡಿದ. "ಸಾರ್, ಕೆಮ್ಮಿಲ್ಲ, ಜ್ವರ ಇಲ್ಲ, ಎಕ್ಸ್‌ರೇ ಕ್ಲಿಯರ್. ಟಿಬಿ ಮಾತ್ರೆ ಬರೆದಿದ್ದಾರೆ. ನಂಬೋದಾ?"

ಕೇಳಬೇಕಾದ ಪ್ರಶ್ನೆಯೇ. ಟಿಬಿ ಅಂದರೆ ಶ್ವಾಸಕೋಶ ಅಂತಲೇ ನಮ್ಮ ತಲೆಯಲ್ಲಿದೆ. ಆದರೆ ಕಣ್ಣಿನೊಳಗಿನ ಪದರಗಳಲ್ಲೂ ಅದು ಉರಿಯೂತ ಎಬ್ಬಿಸಬಲ್ಲದು. ಇದಕ್ಕೆ ಯುವಿಯೈಟಿಸ್ ಅಂತಾರೆ. ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ ಯುವಿಯೈಟಿಸ್‌ಗೇ ಪ್ರತ್ಯೇಕ ವಿಭಾಗವಿದೆ ಅಂದಮೇಲೆ ಇದು ಅಪರೂಪದ ಕಾಯಿಲೆಯೇನಲ್ಲ.

ತೊಂದರೆ ಇರುವುದು ಸಾಕ್ಷ್ಯದಲ್ಲಿ. ಕಫವನ್ನು ಡಬ್ಬಿಗೆ ಉಗುಳಿ ಕೊಡಬಹುದು, ಕಣ್ಣಿನೊಳಗಿನ ನೀರು ಬೇಕೆಂದರೆ ಸೂಜಿ ಚುಚ್ಚಬೇಕು. ಸಿಗೋದು ಹನಿಯಷ್ಟು, ಅದರಲ್ಲಿ ರೋಗಾಣು ಸಿಗದೇ ಹೋಗುವುದೇ ಹೆಚ್ಚು. ಮಾಂಟೂ ಪರೀಕ್ಷೆ ಪಾಸಿಟಿವ್ ಬಂದರೆ ಸಾಕಾ? ನಮ್ಮ ದೇಶದಲ್ಲಿ ಕಾಯಿಲೆಯೇ ಇಲ್ಲದ ಎಷ್ಟೋ ಜನರಿಗೂ ಅದು ಪಾಸಿಟಿವ್ ಬರುತ್ತೆ. ಹಾಗಾಗಿ ಡಾಕ್ಟರು ಕಣ್ಣಿನ ಹಿಂಭಾಗದ ಗಾಯದ ಲಕ್ಷಣ ನೋಡ್ತಾರೆ, ರಕ್ತಪರೀಕ್ಷೆ ಮಾಡಿಸ್ತಾರೆ, ಎದೆಯ ಸ್ಕ್ಯಾನ್ ತೆಗೆಸ್ತಾರೆ, ಸಿಫಿಲಿಸ್, ಸಾರ್ಕಾಯ್ಡೋಸಿಸ್ ಇಲ್ಲ ಅಂತ ಖಚಿತ ಮಾಡಿಕೊಳ್ತಾರೆ. ಕೋರ್ಟ್ ಭಾಷೆಯಲ್ಲಿ ಹೇಳೋದಾದರೆ ಸಾಂದರ್ಭಿಕ ಸಾಕ್ಷ್ಯದ ಮೇಲೆ ತೀರ್ಪು.

ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ ಒಂದೆರಡು ಕಡಿಮೆ ಮಾಡಿ ಒಟ್ಟು 6ರಿಂದ 9 ತಿಂಗಳು. ಸರ್ಕಾರದಲ್ಲಿ ಇದು ಉಚಿತ. ಉರಿಯೂತ ತಗ್ಗಿಸಲು ಸ್ಟಿರಾಯ್ಡ್ ಕೂಡ ಕೊಡ್ತಾರೆ. ಆದರೆ ಟಿಬಿ ಔಷಧದ ರಕ್ಷಣೆ ಇಲ್ಲದೆ ಬರೀ ಸ್ಟಿರಾಯ್ಡ್ ಹಾಕಿಕೊಂಡರೆ ಕೆಂಪು ಇಳಿಯುತ್ತೆ, ಒಳಗೆ ರೋಗ ಬೆಳೆಯುತ್ತೆ. ನಮ್ಮ ಹುಡುಗ ಮೊದಲು ಮಾಡಿದ್ದು ಅದನ್ನೇ.

ರಿಫಾಂಪಿಸಿನ್ ನುಂಗಿದರೆ ಮೂತ್ರ, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೇಡ. ಗಾಬರಿ ಬೀಳಬೇಕಾದ್ದು ಎಥಾಂಬುಟಾಲ್ ನುಂಗುವಾಗ ಕೆಂಪು-ಹಸಿರು ಬಣ್ಣ ಮಂಕಾಗಿ ಕಂಡರೆ. ಕಣ್ಣು ಉಳಿಸಲು ಕೊಟ್ಟ ಔಷಧವೇ ಕಣ್ಣಿನ ನರಕ್ಕೆ ಪೆಟ್ಟು ಕೊಡಬಹುದು!

ಇನ್ನೊಂದು ವಿಷಯ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕೆಲವರಿಗೆ ಕಣ್ಣು ಇನ್ನಷ್ಟು ಕೆಡುತ್ತೆ. ಸಾಯುವ ರೋಗಾಣುವಿನ ವಿರುದ್ಧ ದೇಹ ರೇಗುವುದರಿಂದ ಹೀಗಾಗುತ್ತೆ. ಔಷಧ ತಪ್ಪು ಅಂದುಕೊಂಡು ಜನ ಬಿಟ್ಟುಬಿಡೋದು ಇಲ್ಲೇ. ಮೂರನೇ ವಾರ ನಮ್ಮ ಹುಡುಗನೂ ಫೋನ್ ಮಾಡಿದ, "ಸಾರ್, ನಿಲ್ಲಿಸಿಬಿಡ್ಲಾ?" ಮಾತ್ರೆ ಬಿಡಬೇಡ, ಇವತ್ತೇ ಹೋಗಿ ತೋರಿಸು ಅಂದೆ. ಸ್ಟಿರಾಯ್ಡ್ ಡೋಸ್ ಹೆಚ್ಚಿಸಿ ಕಳಿಸಿದ್ದಾರೆ.