ಬೆಟ್ಟದ ಮೇಲೆ ಮಠ, ಮಠದಲ್ಲಿ ಬಿಯರು

ಮ್ಯೂನಿಕ್‌ನಲ್ಲಿ ಎಸ್8 ಲೋಕಲ್ ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಹೆರ್ಶಿಂಗ್. ಅಮ್ಮರ್‌ಸೀ ಸರೋವರದ ದಡದ ಊರು. ಹಳಿ ಮುಗಿಯುವುದೂ ಅಲ್ಲೇ. ಬೆಟ್ಟದ ಮೇಲಿನ ಆಂಡೆಕ್ಸ್ ಮಠಕ್ಕೆ ಇಲ್ಲಿಂದ ಬಸ್ಸೂ ಇದೆ. ಕಾಲು ಗಟ್ಟಿ ಇದ್ದವರು ಮಾತ್ರ ಬಸ್ಸಿನ ಗೊಡವೆಗೆ ಹೋಗಬಾರದು. ಬಾಯಾರಿಕೆಯನ್ನೂ ದುಡಿದೇ ಸಂಪಾದಿಸಬೇಕು!

ದಾರಿ ನಾಲ್ಕೈದು ಕಿಲೋಮೀಟರ್, ನಿಧಾನವಾಗಿ ನಡೆದರೂ ಒಂದೂವರೆ ಗಂಟೆ. ಊರಿನ ಮನೆಗಳು ಮುಗಿಯುತ್ತಲೇ ಕೀನ್‌ಟಾಲ್ ಕಣಿವೆ. ಬೀಚ್ ಮರಗಳ ನೆರಳು, ಪಕ್ಕದಲ್ಲೇ ಕಲ್ಲುಗಳ ನಡುವೆ ಕೀನ್ ತೊರೆ. ಮಳೆಯ ಮರುದಿನ ಉದುರಿದ ಎಲೆ ವಿಪರೀತ ಜಾರುತ್ತದೆ, ಬೂಟು ಗಟ್ಟಿ ಹಿಡಿತದ್ದಿರಲಿ. ಬಹುಪಾಲು ಸಲೀಸು ನಡಿಗೆ. ಏದುಸಿರು ಬರಿಸುವ ಏರು ಕೊನೆಗೆ ಕಾದಿರುತ್ತದೆ. ಅದನ್ನು ಹತ್ತಿದರೆ ಈರುಳ್ಳಿ ಆಕಾರದ ಗುಮ್ಮಟ ಹೊತ್ತ ಗೋಪುರ.

ಮೊದಲು ಚರ್ಚು, ಆಮೇಲೆ ಬಿಯರು. ಈ ಕ್ರಮ ತಪ್ಪಿಸಿದವರು ಚರ್ಚು ನೋಡಿದ್ದು ಕಡಿಮೆ. 1455ರಲ್ಲಿ ಬೆನೆಡಿಕ್ಟೈನ್ ಮಠವಾದ ಜಾಗವಿದು; ಯಾತ್ರಿಕರು ಅದಕ್ಕೂ ಮೊದಲೇ ಬರುತ್ತಿದ್ದರು. ಒಳಗಿನ ಬಂಗಾರದ ಮಿರುಗು, ಚಾವಣಿಯ ಚಿತ್ರಗಳು 18ನೇ ಶತಮಾನದ ಯೋಹಾನ್ ಬ್ಯಾಪ್ಟಿಸ್ಟ್ ಝಿಮ್ಮರ್‌ಮನ್ ಕೈಚಳಕ. ‘ಕಾರ್ಮಿನಾ ಬುರಾನಾ’ದ ಸಂಗೀತಗಾರ ಕಾರ್ಲ್ ಓರ್ಫ್ ಸಮಾಧಿಯೂ ಇಲ್ಲೇ. 1803ರಲ್ಲಿ ಸರ್ಕಾರ ಮಠವನ್ನು ಮುಚ್ಚಿಸಿತು. ಮುಂದೆ ಬವೇರಿಯಾದ ದೊರೆ ಒಂದನೇ ಲುಡ್ವಿಗ್ ಅದನ್ನು ಕೊಂಡು, ಮ್ಯೂನಿಕ್‌ನ ಸೇಂಟ್ ಬೋನಿಫೇಸ್ ಮಠಕ್ಕೆ ಬಿಟ್ಟುಕೊಟ್ಟ. ಆ ಮಠ ನಗರದ ಮನೆಯಿಲ್ಲದವರನ್ನು ನೋಡಿಕೊಳ್ಳುತ್ತದೆ. ಖರ್ಚಿಗೆ ಬೆಟ್ಟದ ಮೇಲಿನ ಬಿಯರಿನ ಆದಾಯವೂ ಒದಗುತ್ತದೆ. ಇನ್ನೊಂದು ಲೋಟಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಮಠದ ಬಿಯರ್ ಹಾಲ್‌ನಲ್ಲಿ ಬಡಿಸುವವರಿಲ್ಲ. ಕೌಂಟರ್ ಮುಂದೆ ಸರದಿ ನಿಲ್ಲಬೇಕು. ಹೆಸರುವಾಸಿಯಾದದ್ದು ಡಾಪಲ್‌ಬಾಕ್: ಕಡುಕಂದು ಬಣ್ಣ, ಮೊದಲ ಗುಟುಕಿಗೆ ಹುರಿದ ಮಾಲ್ಟಿನ ಸಿಹಿ, ಹಿಂದೆಯೇ ಸಣ್ಣ ಕಹಿ. ಆಲ್ಕೋಹಾಲ್ ಶೇ. 7.1. ‘ಮಾಸ್’ ಅಂದರೆ ಪೂರಾ ಒಂದು ಲೀಟರ್. ಇಳಿಯುವ ದಾರಿ ಇನ್ನೂ ಬಾಕಿ ಇದೆ ಎಂಬುದು ಆಗಲೇ ನೆನಪಾಗಬೇಕು. ಜತೆಗೆ ಗರಿಗರಿ ಚರ್ಮದ ಹಂದಿ ಕಾಲು; ಅದು ಬೇಡದವರಿಗೆ ಉಪ್ಪುಹರಳಿನ ಬ್ರೆಟ್ಸೆಲ್, ಚೀಸು ಕಿವುಚಿ ಮಾಡಿದ ಒಬಾಟ್ಸ್ಡಾ, ಮೂಲಂಗಿ. ಆಲೂಗಡ್ಡೆ ಸಲಾಡ್ ಸಸ್ಯಾಹಾರ ಎಂದು ನಂಬಬೇಡಿ, ಬವೇರಿಯಾದಲ್ಲಿ ಅದಕ್ಕೆ ಮಾಂಸದ ಸಾರು ಬೆರೆಸುವುದುಂಟು. ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ಆಕಾಶ ತಿಳಿಯಾಗಿದ್ದರೆ ಅಂಗಳದಿಂದಲೇ ಆಲ್ಪ್ಸ್ ಕಾಣುತ್ತದೆ.

ಬೆಳಕಿರುವಾಗಲೇ ಇಳಿದುಬಿಡಿ, ಕಣಿವೆಯಲ್ಲಿ ಕತ್ತಲೆ ಬೇಗ. ಕಾಲು ಮಾತು ಕೇಳದಿದ್ದರೆ ಬಸ್ಸು ಹಿಡಿಯಿರಿ, ನಾಚಿಕೆಯೇನಿಲ್ಲ. ಆದರೆ ವಾಪಸ್ ರೈಲಿನಲ್ಲಿ ಕಣ್ಣು ಮುಚ್ಚಬೇಡಿ. ಎಸ್8 ಮ್ಯೂನಿಕ್ ದಾಟಿ ಸೀದಾ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ.